ಬೀಳುವವರ ಮೇಷ್ಟ್ರು

ಮನುಷ್ಯರಲ್ಲಿ ಎರಡೇ ಜಾತಿ ಎಂಬುದು ಮೇಷ್ಟ್ರ ಸಿದ್ಧಾಂತ. ಬೀಳುವವರು ಒಂದು, ಬಿದ್ದೂ ಬಿದ್ದಿಲ್ಲ ಎನ್ನುವವರು ಇನ್ನೊಂದು. ಮೊದಲನೆಯವರ ಮೇಲೆ ಅವರಿಗೆ ತಾತ್ಸಾರ, ಎರಡನೆಯವರ ಮೇಲೆ ಅಸಹ್ಯ. ಬೀಳದೇ ಇರುವವರು ಅಂತ ಮೂರನೆಯ ಜಾತಿ ಇಲ್ಲವೇ ಎಂದು ಮಗಳು ಚಿಕ್ಕವಳಿದ್ದಾಗ ಒಮ್ಮೆ ಕೇಳಿದ್ದಳು. ಮೇಷ್ಟ್ರು ಉತ್ತರ ಕೊಡದೆ ಕನ್ನಡಿಯ ಮುಂದೆ ಮೀಸೆ ಕತ್ತರಿಸಿಕೊಳ್ಳುತ್ತಲೇ ಇದ್ದರು. ಉತ್ತರ ಆ ಕನ್ನಡಿಯಲ್ಲೇ ಇತ್ತೆಂದು ಅವಳಿಗೆ ಹೊಳೆಯುವುದಕ್ಕೆ ಮದುವೆಯಾಗಿ ಮಗು ಹುಟ್ಟಬೇಕಾಯಿತು.

ಹೆಸರಿಗೆ ಮೇಷ್ಟ್ರೇ ಹೊರತು ಅವರು ಯಾವ ಶಾಲೆಯಲ್ಲೂ ಸೀಮೆಸುಣ್ಣ ಹಿಡಿದವರಲ್ಲ. ವಿಮಾನ ಹಾರಿಸುವವರ ಮೈ ಎಷ್ಟು ತಡೆಯುತ್ತದೆಂದು ಪರೀಕ್ಷಿಸುವ ಸಂಸ್ಥೆಯೊಂದರಲ್ಲಿ ಯಂತ್ರ ತಿರುಗಿಸುವ ಕೆಲಸ ಅವರದು. ಆ ಯಂತ್ರಕ್ಕೆ ನಾಲಿಗೆ ಹೊರಳದ ಹೆಸರೊಂದಿತ್ತು. ಅಲ್ಲಿಯವರೆಲ್ಲ ಅದನ್ನು ಗಾಣ ಎಂದೇ ಕರೆಯುತ್ತಿದ್ದರು. ಕಿಟಕಿಯಿಲ್ಲದ ದುಂಡು ಕೋಣೆ, ನಡುವೆ ಕಂಬ, ಕಂಬದಿಂದ ಹೊರಟ ಬಸ್ಸಿನಷ್ಟುದ್ದದ ಉಕ್ಕಿನ ತೋಳು, ತೋಳಿನ ತುದಿಗೆ ಒಬ್ಬ ಕೂರುವಷ್ಟು ಡಬ್ಬಿ. ಎತ್ತಿನ ಬದಲು ಮೋಟರು, ಎಳ್ಳಿನ ಬದಲು ಮನುಷ್ಯ. ಡಬ್ಬಿಯೊಳಗೆ ಪೈಲಟ್ಟನ್ನು ಬೆಲ್ಟು ಬಿಗಿದು ಕೂರಿಸಿ ಬಾಗಿಲು ಹಾಕುತ್ತಾರೆ. ಮೇಲಿನ ಗಾಜಿನ ಕೋಣೆಯಲ್ಲಿ ಕುಳಿತ ಮೇಷ್ಟ್ರು ಕೆಂಪು ಹಿಡಿಯನ್ನು ಮುಂದಕ್ಕೆ ತಳ್ಳುತ್ತಾರೆ. ಅಲ್ಲಿಂದಾಚೆ ಒಳಗಿದ್ದವನ ಹಣೆಬರಹ ಮೇಷ್ಟ್ರ ಬೆರಳಿನಲ್ಲಿ.

ಮನೆಗೆ ಯಾರೇ ಬರಲಿ, ಗ್ಯಾಸ್ ಸಿಲಿಂಡರಿನವನೇ ಬರಲಿ, ಮೇಷ್ಟ್ರ ಪಾಠ ತಪ್ಪುತ್ತಿರಲಿಲ್ಲ. ಜನ ವೇಗಕ್ಕೆ ಹೆದರುತ್ತಾರಂತೆ, ದಡ್ಡರು. ವೇಗ ಯಾರನ್ನೂ ಏನೂ ಮಾಡುವುದಿಲ್ಲ. ಈ ಭೂಮಿ ನಮ್ಮನ್ನೆಲ್ಲ ಹೊತ್ತುಕೊಂಡು ಸೂರ್ಯನ ಸುತ್ತ ಸೆಕೆಂಡಿಗೆ ಮೂವತ್ತು ಕಿಲೋಮೀಟರ್ ಓಡುತ್ತಿದೆ, ಯಾರ ಲೋಟದ ನೀರೂ ತುಳುಕುವುದಿಲ್ಲ. ಶಬ್ದವನ್ನು ಹಿಂದೆ ಹಾಕಿ ಹೋಗುವ ವಿಮಾನದಲ್ಲಿ ನೇರ ಹೋಗುವವನು ಆಕಳಿಸಿಕೊಂಡು ಹೋಗಬಹುದು. ಕಷ್ಟ ಇರುವುದು ತಿರುವಿನಲ್ಲಿ. ಬಸ್ಸು ತಿರುಗಿದರೆ ಪಕ್ಕದವನ ಮೈಮೇಲೆ ಬೀಳುತ್ತೀರಿ. ಅಂಥ ವಿಮಾನ ತಿರುಗಿದರೆ ನಿಮ್ಮ ಮೈಮೇಲೆ ನೀವೇ ಬೀಳುತ್ತೀರಿ. ನೆಲದ ಮೇಲೆ ನೆಟ್ಟಗೆ ನಿಂತವನ ಸ್ವಂತ ಭಾರ ಇದೆಯಲ್ಲ, ಅದು ಒಂದು ಜಿ. ಬಿಗಿಯಾದ ತಿರುವಿನಲ್ಲಿ ಅದು ಐದಾಗುತ್ತದೆ, ಏಳಾಗುತ್ತದೆ, ಒಂಬತ್ತಾಗುತ್ತದೆ. ಎಂಟು ದಾಟುವ ಹೊತ್ತಿಗೆ ಮೈಯೊಳಗಿನ ರಕ್ತ ಕಬ್ಬಿಣದಷ್ಟು ತೂಗುತ್ತದೆ. ಹೃದಯ ಪಾಪ ಎಷ್ಟು ಅಂತ ಎತ್ತೀತು? ತಲೆಗೆ ರಕ್ತ ಏರದೆ ಮೊದಲು ಬಣ್ಣ ಹೋಗುತ್ತದೆ, ಆಮೇಲೆ ಅಕ್ಕಪಕ್ಕ ಹೋಗುತ್ತದೆ, ಕೊಳವೆಯೊಳಗಿಂದ ನೋಡಿದಂತೆ ನಡುವೆ ಒಂದು ಚುಕ್ಕಿ ಉಳಿಯುತ್ತದೆ, ಅದೂ ಆರುತ್ತದೆ. ಕಾಲು ಹೊಟ್ಟೆ ಬಿಗಿಹಿಡಿದು, ಉಸಿರು ಕಟ್ಟಿ ಕಟ್ಟಿ ಬಿಡುವವನು ಉಳಿಯುತ್ತಾನೆ. ಮರೆತವನು ತಲೆ ಚೆಲ್ಲುತ್ತಾನೆ.

ರಾಕೆಟ್ಟಿನಲ್ಲಿ ಹೋಗುವವರನ್ನಂತೂ ಮೇಷ್ಟ್ರು ಲೆಕ್ಕಕ್ಕೇ ಇಟ್ಟಿರಲಿಲ್ಲ. ಭೂಮಿಯ ಮುಷ್ಟಿ ಬಿಡಿಸಿಕೊಂಡು ಪೂರ್ತಿ ಆಚೆ ಹೋಗಬೇಕಾದರೆ ಸೆಕೆಂಡಿಗೆ ಹನ್ನೊಂದು ಕಿಲೋಮೀಟರ್ ಬೇಕು, ಹತ್ತಿಪ್ಪತ್ತು ಮೀಟರಿಗೆ ಕಲ್ಲೆಸೆಯುವ ಜಾತಿಗೆ ಇದೇನು ಸುಲಭವಲ್ಲ ಎಂದು ಒಪ್ಪುತ್ತಿದ್ದರು. ಆದರೆ ಆ ಮಹಾನುಭಾವರು ಬೆನ್ನ ಮೇಲೆ ಮಲಗಿಕೊಂಡು ಹೋಗುತ್ತಾರೆ. ಮಲಗಿದವನ ತಲೆಯೂ ಹೃದಯವೂ ಒಂದೇ ಮಟ್ಟದಲ್ಲಿರುತ್ತವೆ, ರಕ್ತ ಏರುವ ಪ್ರಶ್ನೆಯೇ ಇಲ್ಲ. "ಮಲ್ಕೊಂಡು ಹೋಗೋದಕ್ಕೆ ನಮ್ಮ ಬೆಕ್ಕೂ ಹೋಗುತ್ತೆ" ಎನ್ನುತ್ತಿದ್ದರು.

ಪಕ್ಕದ ಮನೆಯ ವಕೀಲರು ಒಮ್ಮೆ, ಮೇಲೆ ಗುರುತ್ವವೇ ಇಲ್ಲವಂತಲ್ಲ, ಅದಕ್ಕೇ ತೇಲುತ್ತಾರಂತಲ್ಲ ಎಂದು ಮಾತಿಗೆ ಹೇಳಿದರು. ಮೇಷ್ಟ್ರು ಅವರನ್ನು ಅಡಿಯಿಂದ ಮುಡಿವರೆಗೆ ನೋಡಿದರು.

"ಅಲ್ಲೂ ಭೂಮಿ ಎಳೀತಾನೇ ಇರುತ್ತೆ ಸ್ವಾಮಿ. ಅವರು ತೇಲ್ತಿಲ್ಲ, ಬೀಳ್ತಿದಾರೆ. ಅಡ್ಡಡ್ಡ ಅಷ್ಟು ಜೋರಾಗಿ ಹೋಗ್ತಿರೋದ್ರಿಂದ ನೆಲ ಸಿಗಲ್ಲ, ಅಷ್ಟೇ."

ವಕೀಲರು ಕಾಫಿ ಕಪ್ಪು ಕೆಳಗಿಟ್ಟು ಹೋದವರು ಮತ್ತೆ ಬರಲಿಲ್ಲ. ಮಗಳಿಗೆ ಮಾತ್ರ ನಗು. ಯಾಕೆಂದರೆ ಆ ಮಾತು ಅಕ್ಷರ ಅಕ್ಷರವೂ ಡಾಕ್ಟರಮ್ಮನದು. ಡಾಕ್ಟರಮ್ಮ ಗಾಜಿನ ಕೋಣೆಯಲ್ಲಿ ಮೇಷ್ಟ್ರ ಪಕ್ಕದಲ್ಲೇ ಕೂರುವ ವೈದ್ಯೆ. ಪೈಲಟ್ಟಿನ ಜೀವಕ್ಕೆ ಹೊಣೆ ಅವರು, ಗಾಣ ನಿಲ್ಲಿಸುವ ಇನ್ನೊಂದು ಗುಂಡಿ ಅವರ ಕೈಕೆಳಗೆ. ಪಾಠವನ್ನೆಲ್ಲ ಅವರಿಂದ ಕದ್ದು ಕಲಿತ ಮೇಷ್ಟ್ರು, ಮನೆಗೆ ಬಂದು ಅವರನ್ನೇ ಆಡಿಕೊಳ್ಳುತ್ತಿದ್ದರು: ಹೆಂಗಸು, ಕೈ ನಡುಗುತ್ತೆ, ಬೇಗ ನಿಲ್ಲಿಸಿಬಿಡುತ್ತಾಳೆ. ಮಗಳ ತಾಯಿ ಬದುಕಿದ್ದಷ್ಟು ದಿನ ಒಲೆಯ ಕಡೆ ಮುಖ ಮಾಡಿಕೊಂಡೇ ಒಂದು ಪ್ರಶ್ನೆ ಎಸೆಯುತ್ತಿದ್ದಳು. "ನಿಮ್ಮಪ್ಪ ಒಂದ್ಸಲನಾದ್ರೂ ಆ ಡಬ್ಬೀಲಿ ಕೂತಿದಾರಾ, ಕೇಳು." ಕೂತಿದ್ದರು. ಬಲ್ಬು ಬದಲಾಯಿಸುವುದಕ್ಕೆ. ಗಾಣ ನಿಂತಿದ್ದಾಗ.

ಈ ಮನುಷ್ಯನ ಸಂತೋಷವೆಲ್ಲ ಇದ್ದದ್ದು ಒಂದೇ ಕಡೆ. ಮಿದುಳಿನಲ್ಲಿ ನಾಲ್ಕೈದು ಸೆಕೆಂಡಿನಷ್ಟು ಉಸಿರಿನ ದಾಸ್ತಾನು ಇರುತ್ತದೆ. ಗಾಣ ರಪ್ಪನೆ ವೇಗ ಹಿಡಿದರೆ ಆ ದಾಸ್ತಾನು ಮುಗಿಯುವ ತನಕ ಪೈಲಟ್ಟು ಗಟ್ಟಿಯಾಗೇ ಇರುತ್ತಾನೆ. ಮುಗಿದ ಕೂಡಲೇ ಯಾವ ಸೂಚನೆಯೂ ಇಲ್ಲದೆ ದೀಪ ಆರಿದ ಹಾಗೆ ಆರುತ್ತಾನೆ. ಗಾಣ ನಿಧಾನವಾಗುತ್ತದೆ, ರಕ್ತ ತಲೆಗೆ ವಾಪಸು ಬರುತ್ತದೆ. ಬರುವಾಗ ಕೈಗಳು ತಾವಾಗೇ ಟಪಟಪ ಕುಟ್ಟುತ್ತವೆ. ಮೇಷ್ಟ್ರು ಅದಕ್ಕೆ ತಬಲಾ ಎನ್ನುತ್ತಿದ್ದರು. ಆಮೇಲೆ ಕಣ್ಣು ಬಿಟ್ಟವನು ಕೇಳುವ ಮೊದಲ ಮಾತು ಯಾವಾಗಲೂ ಒಂದೇ: ಯಾಕೆ ನಿಲ್ಲಿಸಿದಿರಿ? ಬಿದ್ದೆ ಕಣಯ್ಯ ಎಂದರೆ ಕೆಂಡವಾಗುತ್ತಾನೆ. ನಾನೆಲ್ಲಿ ಬಿದ್ದೆ, ಎಚ್ಚರವಾಗೇ ಇದ್ದೆ, ನಿಮ್ಮ ಯಂತ್ರ ಕೆಟ್ಟಿದೆ ಎನ್ನುತ್ತಾನೆ. ಆಗ ಮೇಷ್ಟ್ರು ಟೇಪು ಹಿಂದಕ್ಕೆ ಸುತ್ತುತ್ತಿದ್ದರು. ಡಬ್ಬಿಯೊಳಗೊಂದು ಕ್ಯಾಮೆರಾ ಸದಾ ಮುಖದ ಕಡೆಗಿರುತ್ತಿತ್ತು. ತನ್ನ ಮುಖವನ್ನು ಯಾರೂ ನಂಬುವುದಿಲ್ಲ ಎಂಬುದು ಮೇಷ್ಟ್ರಿಗೆ ಅನುಭವದಿಂದ ಗೊತ್ತು. ಕಣ್ಣು ತೆರೆದೇ ಇತ್ತಲ್ಲ ಎಂದು ವಾದ ಹೂಡುತ್ತಾರೆ. ಅದಕ್ಕೇ ಅವರು ಹೇಳುತ್ತಿದ್ದದ್ದು, "ಮುಖ ನೋಡ್ಬೇಡಿ, ಕೈ ನೋಡಿ." ತಬಲಾ ಬಾರಿಸುತ್ತಿರುವ ಸ್ವಂತ ಕೈ ಕಂಡ ಮೇಲೆ ಎಂಥ ಗಂಡುಗಲಿಯೂ ಬಾಯಿ ಮುಚ್ಚುತ್ತಿದ್ದ. "ಮುಂದಿನೋರನ್ನ ಕಳಿಸಿ" ಎನ್ನುತ್ತಿದ್ದರು ಮೇಷ್ಟ್ರು, ಅವನ ಕಡೆ ನೋಡದೆ.

ರಾತ್ರಿಯ ಊಟಕ್ಕೆ ಅದೇ ಉಪ್ಪಿನಕಾಯಿ. ಬಿದ್ದವನ ಗೋಣು, ಜೊಲ್ಲು, ಕೈ ಬಡಿತ ಎಲ್ಲವನ್ನೂ ತಟ್ಟೆಯ ಮುಂದೆ ಅಭಿನಯಿಸಿ ತೋರಿಸುತ್ತಿದ್ದರು. ಮಗಳು ಹೊಟ್ಟೆ ಹಿಡಿದು ನಗುತ್ತಿದ್ದಳು. ಸೈಕಲ್ಲಿನಿಂದ ಬಿದ್ದು ಮೊಣಕಾಲು ತರಚಿಕೊಂಡು ಬಂದ ದಿನ, ಬಿದ್ದಿಲ್ಲ, ಇಳಿದೆ ಎಂದಳು. ಮೇಷ್ಟ್ರು ಅವಳ ಅಂಗೈ ತಿರುಗಿಸಿ ಅಲ್ಲಿದ್ದ ಮಣ್ಣು ತೋರಿಸಿ, ಬಂದಿದ್ದ ನಾಲ್ಕು ಜನರ ಮುಂದೆ "ಕೈ ನೋಡಿ" ಎಂದರು. ಆ ದಿನದಿಂದ ಅವಳಿಗೆ ನಗು ಬರಲಿಲ್ಲ.

ನಿವೃತ್ತಿಯಾಗಿ ಮಗಳ ಮನೆಗೆ ಬಂದ ಮೇಲೂ ತಳ್ಳುವುದಕ್ಕೆ ಹಿಡಿ ಇಲ್ಲದಿದ್ದರೇನು, ಬಾಯಿ ಇತ್ತು. ಕಂಡಕಂಡವರಿಗೆಲ್ಲ ಎಷ್ಟು ಜಿ ತಡೆಯಬಲ್ಲ ಎಂದು ದರ್ಜೆ ಕಟ್ಟುತ್ತಿದ್ದರು. ಪೇಪರಿನ ಹುಡುಗ ನಾಲ್ಕು. ಹಳೆಯ ಮನೆಯ ಪಕ್ಕದ ಆ ವಕೀಲರು ಮೂರು, ಅದೂ ಕೂತಿದ್ದರೆ. ಅಳಿಯ ಎರಡೂವರೆ. ಉದ್ದ ಕತ್ತು, ಬಗ್ಗಿದ ಭುಜ, ಯಾರು ಏನಂದರೂ ಹೌದೌದು ಎನ್ನುವ ಸ್ವಭಾವ; ಇವನ ಹೃದಯದಿಂದ ತಲೆಗೆ ರಕ್ತ ಹೋಗಬೇಕಾದರೆ ರೈಲು ಹಿಡಿಯಬೇಕು ಎಂದು ಮದುವೆಯ ವಾರದಲ್ಲೇ ತೀರ್ಪಿತ್ತಿದ್ದರು. ಎರಡೂವರೆ ಎಂಬುದೇ ಆತನ ಹೆಸರಾಯಿತು. "ಎರಡೂವರೆ ಬಂದ, ತಟ್ಟೆ ಹಾಕು." ಆತ ನಕ್ಕು ಕೈ ತೊಳೆಯಲು ಹೋಗುತ್ತಿದ್ದ. ಆ ನಗು ಕಂಡರೆ ಹೆಂಡತಿಗೆ ಮೈಯೆಲ್ಲ ಉರಿ. ಕೆಲವು ದಿನ, ದೇವರೇ ಕ್ಷಮಿಸಲಿ, ಎರಡು ಎಂದರೂ ಸಲ್ಲುತ್ತದೆ ಎನಿಸುತ್ತಿತ್ತು.

ಮೇಷ್ಟ್ರ ದರ್ಜೆಯಲ್ಲಿ ಪೂರ್ತಿ ಅಂಕ ಸಿಕ್ಕಿದ್ದು ಒಬ್ಬಳಿಗೇ. ಮಗು ಹುಟ್ಟಿ ಬಟ್ಟೆ ಸುತ್ತಿ ಕೈಗೆ ಕೊಟ್ಟಾಗ ಅದರ ಎದೆಯ ಮೇಲೆ ಹೆಬ್ಬೆರಳಿಟ್ಟು, ಕಿರುಬೆರಳು ನೆತ್ತಿಯ ತನಕ ಚಾಚಿ ಅಳೆದರು. "ಒಂದು ಗೇಣೂ ಇಲ್ಲ ನೋಡು. ಗಿಡ್ಡ ಇದ್ದಷ್ಟೂ ಗಟ್ಟಿ. ಇವಳು ಒಂಬತ್ತು ತಡೀತಾಳೆ." ಅಂದಿನಿಂದ ಮಗುವಿಗೆ ಮನೆಯಲ್ಲಿಟ್ಟ ಹೆಸರು ಯಾವುದೇ ಇರಲಿ, ಮೇಷ್ಟ್ರಿಗೆ ಅದು ಒಂಬತ್ತು.

ಮಗಳಿಗೆ ಕನ್ನಡಕದ ಅಂಗಡಿಯಲ್ಲಿ ಕೆಲಸ. ಕತ್ತಲೆಯ ಚಿಕ್ಕ ಕೋಣೆ, ತಿರುಗುವ ಕುರ್ಚಿ, ಎದುರಿಗೆ ಬೆಳಗುವ ಅಕ್ಷರದ ಹಲಗೆ. ಅಲ್ಲಿಗೆ ಬರುವವರೂ ಅಪ್ಪನ ಎರಡನೆಯ ಜಾತಿಯವರೇ. ಸರದಿಯಲ್ಲಿ ಕೂತಾಗಲೇ ಹಲಗೆಯನ್ನು ಬಾಯಿಪಾಠ ಮಾಡಿಕೊಂಡಿರುತ್ತಾರೆ. ಹಲಗೆ ಬದಲಾಯಿಸಿದರೂ ಹಳೆಯ ಸಾಲನ್ನೇ ಟಕಟಕ ಒಪ್ಪಿಸುತ್ತಾರೆ. ಅವಳು ಬಾಯಲ್ಲಿ ಪರವಾಗಿಲ್ಲ ಎನ್ನುತ್ತಾ ಒಳಗೊಳಗೇ ಹಲ್ಲು ಕಿಸಿಯುತ್ತಿದ್ದಳು. ಬೀಜದ ಗುಣ ಎಲ್ಲಿಗೆ ಹೋದೀತು. ಮಗುವನ್ನು ನೋಡಿಕೊಳ್ಳುವ ಮನೆಗೆ ಕೆಲವು ವಾರ ಬಿಟ್ಟು, ಅಲ್ಲಿಂದ ಅದು ನೆಗಡಿ, ಹೊಟ್ಟೆನೋವು, ಕಣ್ಣುಬೇನೆ ಒಂದೊಂದಾಗಿ ಹೊತ್ತು ತಂದ ಮೇಲೆ, ಅಪ್ಪನೇ ಗತಿ ಎಂದಾಗಿತ್ತು. ಮೇಷ್ಟ್ರು ಆ ಕೆಲಸಕ್ಕೆ ಗಾಣದಷ್ಟೇ ಶಿಸ್ತಿನಿಂದ ಕೂತರು. ಆದರೂ ಅವಳ ಜೀವ ಕೇಳಬೇಕಲ್ಲ. ತೊಟ್ಟಿಲ ಮೇಲಿನ ಶೆಲ್ಫಿನಲ್ಲಿ ಪುಟ್ಟ ಕ್ಯಾಮೆರಾ ಇಟ್ಟಿದ್ದಳು. ಒಬ್ಬ ಗಿರಾಕಿ ಎದ್ದು ಇನ್ನೊಬ್ಬ ಕೂರುವ ನಡುವೆ ಫೋನು ತೆರೆದು, ಮಲಗಿದ ಮಗುವಿನ ಹೊಟ್ಟೆ ಏರಿ ಇಳಿಯುವುದನ್ನು ನೋಡಿಕೊಳ್ಳುತ್ತಿದ್ದಳು. ಇವಳದೂ ಒಂದು ಕಂಟ್ರೋಲ್ ರೂಮು ಎಂದು ಮೇಷ್ಟ್ರು ವಕ್ರವಾಗಿ ನಗುತ್ತಿದ್ದರು. ಮಗುವಿನ ಉಸಿರೆಣಿಸುವ ತಾಯಿ ಅವರ ಪ್ರಕಾರ ಒಂದೂಮುಕ್ಕಾಲು.

ಒಂದು ಬೆಳಿಗ್ಗೆ ಅಂಗಡಿಯ ಬೀಗದ ಕೈ ಮರೆತು ಅರ್ಧ ದಾರಿಯಿಂದ ವಾಪಸು ಬಂದಳು. ಬಾಗಿಲು ತೆಗೆದಾಗ ಮೇಷ್ಟ್ರು ಹಜಾರದ ಚಾಪೆಯ ಪಕ್ಕ ಕುಕ್ಕರಗಾಲಲ್ಲಿ ಕೂತು ಮಗುವಿನ ಅಂಗಿಯ ಗುಂಡಿ ಹಾಕುತ್ತಿದ್ದರು. ಹಾಕಿ ಮುಗಿಸಿ ಮಗುವನ್ನೆತ್ತಿಕೊಂಡು ನೆಟ್ಟಗೆ ನಿಂತರು. ನಿಂತೇ ಇದ್ದರು. ಕಣ್ಣು ತೆರೆದಿತ್ತು, ಆದರೆ ಅದರಲ್ಲಿ ಯಾರೂ ಇರಲಿಲ್ಲ. ಮೊಣಕಾಲು ಸಡಿಲವಾಯಿತು. ಬೆನ್ನು ಬೀರುವಿಗೆ ತಗುಲಿ, ಒರಗಿಸಿಟ್ಟ ಚಾಪೆಯ ಸುರುಳಿ ಜಾರಿದ ಹಾಗೆ ಮೇಷ್ಟ್ರು ನೆಲಕ್ಕಿಳಿದರು. ಮಗು ಅವರ ಹೊಟ್ಟೆಯ ಮೇಲೆ ಧೊಪ್ಪನೆ ಕೂತು, ಇದು ಹೊಸ ಆಟವೆಂದುಕೊಂಡು ಕೇಕೆ ಹಾಕಿತು. ಅಜ್ಜನ ಬಲಗೈ ನೆಲವನ್ನು ಟಪಟಪ ಕುಟ್ಟಿತು.

ಮಗಳು ಬ್ಯಾಗು ಎಸೆದು ಹಾರಿ ಮಗುವನ್ನು ಕಿತ್ತುಕೊಂಡಳು. ಮೇಷ್ಟ್ರ ಕಣ್ಣಿಗೆ ಮೇಷ್ಟ್ರು ವಾಪಸು ಬಂದರು. ಅವಳನ್ನು ನೋಡಿ ಹುಬ್ಬು ಗಂಟಿಕ್ಕಿದರು.

"ಯಾಕೆ ಮಗೂನ ತಗೊಂಡೆ?"

"ಬಿದ್ರಿ ಅಪ್ಪ."

"ಯಾರು? ನಾನಾ? ಕೂತ್ಕೊಂಡೆ."

ಅವಳು ಅತ್ತಳು, ಕೂಗಾಡಿದಳು, ಕಂಡದ್ದನ್ನು ಕಂಡ ಹಾಗೆ ಹೇಳಿದಳು. ಮೇಷ್ಟ್ರು ಅಂಗಿ ಕೊಡವಿಕೊಂಡು ಎದ್ದರು. ಜೀವಮಾನವೆಲ್ಲ ಬೀಳುವವರನ್ನು ನೋಡಿದ್ದೇನೆ, ಬೀಳುವುದೆಂದರೇನು ಅಂತ ನೀನು ನನಗೆ ಹೇಳಿಕೊಡಬೇಡ ಎಂದರು. ವಯಸ್ಸಾದವನು ಬೀರುವಿಗೆ ಒರಗಿ ಕೂತರೆ ಅದಕ್ಕೆ ಇಷ್ಟು ರಂಪವೇ ಎಂದರು. ಡಾಕ್ಟರಮ್ಮ ಈಗ ಎರಡು ಬೀದಿಯಾಚೆ ಸ್ವಂತ ಕ್ಲಿನಿಕ್ಕು ಇಟ್ಟುಕೊಂಡಿದ್ದರು. ಅಲ್ಲಿಗಾದರೂ ಒಮ್ಮೆ ಹೋಗಿಬರೋಣ ಎಂದಳು. ಆ ಕೈನಡುಕದವಳ ಹತ್ತಿರವೇ, ಸತ್ತರೂ ಹೋಗುವುದಿಲ್ಲ ಎಂದರು.

ಅವಳು ರಜೆ ಹಾಕಿ ಮನೆಯಲ್ಲಿ ಕೂತಳು. ಅಂಗಡಿಯ ಯಜಮಾನರು ಫೋನಿನಲ್ಲಿ, ಮಕ್ಕಳನ್ನು ಹೆತ್ತವರು ನೀನೊಬ್ಬಳೇ ಅಲ್ಲಮ್ಮ ಎಂದರು; ಮುಂದಿನ ವಾರವೂ ಬರದಿದ್ದರೆ ಆ ಕುರ್ಚಿಯ ಹಿಂದೆ ಬೇರೆ ಯಾರಾದರೂ ನಿಲ್ಲುತ್ತಾರೆ ಎಂಬುದು ಧ್ವನಿಯಲ್ಲೇ ಇತ್ತು. ಕೆಲಸ ಬಿಡುವ ಹಾಗಿಲ್ಲ. ಅಪ್ಪನ ಕೈಗೆ ಮಗುವನ್ನು ಕೊಡುವ ಹಾಗಿಲ್ಲ. ಅಪ್ಪ ಒಪ್ಪಿಕೊಂಡು ಔಷಧಿ ಮಾಡಿಸಿಕೊಳ್ಳದೆ ಎರಡರಲ್ಲಿ ಯಾವುದೂ ಬಗೆಹರಿಯುವ ಹಾಗಿಲ್ಲ. ಒಪ್ಪಿಕೊಳ್ಳುವುದೋ, ಅದು ಆ ವಂಶದಲ್ಲೇ ಇಲ್ಲ.

ಗಂಡನ ಮುಂದೆ ಅಪ್ಪನಿಗೆ ಪರೀಕ್ಷೆ ಇಟ್ಟಳು. ಮಗುವಿನ ತೂಕದ ಹಿಟ್ಟಿನ ಚೀಲ ನೆಲದ ಮೇಲಿಟ್ಟು, ಕುಕ್ಕರಗಾಲಲ್ಲಿ ಕೂತು ಎತ್ತಿಕೊಂಡು ಏಳಿ ಎಂದಳು. ಮೇಷ್ಟ್ರು ಎದ್ದರು. ಮತ್ತೆ ಕೂತರು, ಮತ್ತೆ ಎದ್ದರು. ಪ್ರತಿ ಸಲವೂ ಅವಳ ಮುಖವನ್ನೇ ನೋಡಿದರು, ಒಂದು ಕಾಲದಲ್ಲಿ ಗಾಜಿನಾಚೆಯಿಂದ ಪೈಲಟ್ಟುಗಳನ್ನು ನೋಡುತ್ತಿದ್ದ ಹಾಗೆ. ಕೊನೆಗೆ ಚೀಲವನ್ನು ಅಳಿಯನ ತೋಳಿಗೆ ಹಾಕಿ, ಹೆಂಡತಿಗೆ ಒಂದು ಒಳ್ಳೆ ಕನ್ನಡಕ ಮಾಡಿಸು, ಅಂಗಡಿಯಲ್ಲಿ ರಿಯಾಯಿತಿ ಸಿಗುತ್ತದೆ ಎಂದರು. ಎರಡೂವರೆ ನಕ್ಕ. ಮಾವ ಹೇಳಿದ ಹಾಗೆ ನಿಜವಾಗಿಯೂ ಕೂತುಕೊಂಡಿರಬಹುದು, ನೀನು ಸುಮ್ಮನೆ ಗಾಬರಿ ಮಾಡಿಕೊಳ್ಳುತ್ತೀಯ ಎಂದ. ಅವಳು ಇಬ್ಬರನ್ನೂ ಒಂದೇ ನೋಟದಲ್ಲಿ ಅಳೆದಳು. ಬೈಯಲೂ ಮನಸ್ಸು ಬರಲಿಲ್ಲ. ಬೈಗುಳಕ್ಕೂ ಒಂದು ಬೆಲೆ ಇದೆಯಲ್ಲ.

ರಜೆ ಮುಗಿದ ದಿನ ಬೆಳಿಗ್ಗೆ ಮಗುವಿಗೆ ಚುಚ್ಚುಮದ್ದು ಹಾಕಿಸುವುದಿತ್ತು. ಆಸ್ಪತ್ರೆಯಿಂದ ಬಂದು ಮಗುವನ್ನು ಅಪ್ಪನಿಗೊಪ್ಪಿಸಿ ಮಧ್ಯಾಹ್ನದ ಪಾಳಿಗೆ ಹೋಗುವುದೆಂದು ಗಂಡಸರಿಬ್ಬರೂ ಸೇರಿ ತೀರ್ಮಾನ ಮಾಡಿಯಾಗಿತ್ತು. ಹೊರಡುವ ಮುಂಚೆ ಅವಳು ಶೆಲ್ಫಿನ ಕ್ಯಾಮೆರಾವನ್ನು ತೊಟ್ಟಿಲ ಕಡೆಯಿಂದ ಹಜಾರದ ಕಡೆಗೆ ತಿರುಗಿಸಿದಳು. ಯಾರಿಗೂ ಹೇಳಲಿಲ್ಲ.

ಆಸ್ಪತ್ರೆಯ ಬೆಂಚಿನ ಮೇಲೆ ಸರದಿ ಕಾಯುತ್ತಾ ಫೋನು ತೆರೆದಳು. ಹಜಾರದಲ್ಲಿ ಮೇಷ್ಟ್ರು ಒಬ್ಬರೇ ಇದ್ದರು. ಸೋಫಾದ ದಿಂಬನ್ನು ಮಗುವಿನ ಹಳದಿ ಹೊದಿಕೆಯಲ್ಲಿ ಸುತ್ತುತ್ತಿದ್ದರು. ಮೊದಲು ಅವಳಿಗೆ ಏನೆಂದು ತಿಳಿಯಲಿಲ್ಲ. ಸುತ್ತಿದ ದಿಂಬನ್ನು ಚಾಪೆಯ ಮೇಲಿಟ್ಟು, ಕುಕ್ಕರಗಾಲಲ್ಲಿ ಕೂತು, ಎತ್ತಿಕೊಂಡು ಎದ್ದರು. ಮತ್ತೆ ಇಟ್ಟರು, ಮತ್ತೆ ಎದ್ದರು. ಅಭ್ಯಾಸ ಮಾಡುತ್ತಿದ್ದರು. ಬಿದ್ದಿಲ್ಲ ಎಂದವರು, ಬಾಗಿಲು ಹಾಕಿಕೊಂಡು, ಬೀಳದಿರುವುದನ್ನು ಅಭ್ಯಾಸ ಮಾಡುತ್ತಿದ್ದರು. ಅವಳಿಗೆ ಒಂದು ಗಳಿಗೆ ಗೆದ್ದ ಖುಷಿಯಾಯಿತು, ಒಂದೇ ಗಳಿಗೆ.

ಒಂದು ಸಲ ಹೊದಿಕೆಯ ತುದಿ ಬಿಚ್ಚಿಕೊಂಡಿತು. ಮೇಷ್ಟ್ರು ಕೂತಲ್ಲೇ ಅದನ್ನು ಮತ್ತೆ ಮಡಿಚಿ, ಕತ್ತಿನ ಹತ್ತಿರ ಮೆತ್ತಗೆ ಸಿಕ್ಕಿಸಿ, ಮೇಲಿಂದ ಸವರಿ, ಬಹಳ ಹೊತ್ತು ತೆಗೆದುಕೊಂಡರು. ದಿಂಬಿನ ಕತ್ತು. ಆಮೇಲೆ ಸರಕ್ಕನೆ ಎದ್ದುನಿಂತರು. ಹಾಗೇ ನಿಂತರು. ಮೊಣಕಾಲು ಸಡಿಲವಾಯಿತು. ಈ ಸಲ ಬೀರು ಹತ್ತಿರವಿರಲಿಲ್ಲ. ಸೋಫಾದ ಕೈಗೆ ತಗುಲಿ ಪಕ್ಕಕ್ಕೆ ಉರುಳಿದರು. ಹಳದಿ ಹೊದಿಕೆ ಕೈಯಿಂದ ಜಾರಿ, ಉರುಳಿ ಉರುಳಿ ಮೇಜಿನ ಕೆಳಗೆ ಹೋಯಿತು. ಬಲಗೈ ನೆಲ ಕುಟ್ಟಿತು.

ಬೆಂಚಿನ ಮೇಲೆ ಅವಳ ಕೈ ತಾನಾಗಿ ತೊಡೆಯ ಮೇಲಿದ್ದ ಮಗುವಿನ ಪಾದವನ್ನು ಬಿಗಿಯಾಗಿ ಹಿಡಿದಿತ್ತು. ಪರದೆಯಲ್ಲಿ ಮೇಷ್ಟ್ರು ಎದ್ದು ಕೂತರು. ತೊಡೆಯ ಮೇಲೆ ನೋಡಿಕೊಂಡರು, ಚಾಪೆ ನೋಡಿದರು, ಸುತ್ತ ನೋಡಿದರು. ಮೇಜಿನ ಕೆಳಗಿನ ಹಳದಿ ಗಂಟು ಕಣ್ಣಿಗೆ ಬಿದ್ದಾಗ ಅವರ ಮುಖದಲ್ಲಿ ಸಿಟ್ಟು ಬಂತು, ಯಾರೋ ಅದನ್ನು ಬೇಕೆಂದೇ ಅಲ್ಲಿ ಎಸೆದಿದ್ದಾರೆ ಎಂಬಂತೆ. ಅವಳು ಫೋನು ಮಾಡಿದಳು. ಎರಡನೆಯ ರಿಂಗಿಗೇ ಎತ್ತಿದರು. ಏನು ಮಾಡುತ್ತಿದ್ದೀರಿ ಎಂದು ಕೇಳಿದಳು.

"ಪೇಪರ್ ಓದ್ತಿದೀನಿ."

ಪೇಪರಿನ ವಿಷಯದಲ್ಲಿ ಅಪ್ಪ ಹೇಳಿದ್ದು ಸುಳ್ಳು. ಬಿದ್ದಿಲ್ಲ ಎಂದದ್ದು ಸುಳ್ಳಲ್ಲವೆಂದು ಅವಳಿಗೆ ಆಗ ಅರ್ಥವಾಯಿತು. ಬಿದ್ದ ಆ ಗಳಿಗೆ ಅವರ ಪಾಲಿಗೆ ನಡೆದೇ ಇರಲಿಲ್ಲ. ಊಟದ ತಟ್ಟೆಯ ಮುಂದೆ ಅವರು ಅಣಕಿಸಿದ ಆ ಗಂಡುಗಲಿಗಳ ಪಾಲಿಗೂ ನಡೆದಿರಲಿಲ್ಲ. ಅವರಾರೂ ಸುಳ್ಳುಗಾರರಲ್ಲ. ಜೀವಮಾನವೆಲ್ಲ ಗಾಜಿನ ಹಿಂದೆ ಕೂತ ಮನುಷ್ಯನಿಗೆ ಇಷ್ಟು ಸಣ್ಣ ವಿಷಯ ಹೊಳೆಯಲಿಲ್ಲವಲ್ಲ.

ಮನೆಗೆ ಬಂದಾಗ ದಿಂಬು ಸೋಫಾದ ಮೇಲೆ ತನ್ನ ಜಾಗದಲ್ಲಿತ್ತು. ಹಳದಿ ಹೊದಿಕೆ ನಾಲ್ಕು ಮಡಿಕೆಯಾಗಿತ್ತು. ಮೇಷ್ಟ್ರು ಎರಡೂ ಕೈ ಚಾಚಿ, ಒಂಬತ್ತನ್ನು ಕೊಟ್ಟು ನೀನು ಹೊರಡು, ಹೊತ್ತಾಯಿತು ಎಂದರು. ಅವಳು ಮಗುವನ್ನು ಸೊಂಟದ ಮೇಲೇ ಇಟ್ಟುಕೊಂಡು ಇನ್ನೊಂದು ಕೈಯಲ್ಲಿ ಫೋನು ಹಿಡಿದು, ಕ್ಯಾಮೆರಾ ದಾಖಲಿಸಿಕೊಂಡಿದ್ದ ದೃಶ್ಯವನ್ನು ಅವರ ಮುಂದೆ ಹಾಕಿದಳು.

ಮೇಷ್ಟ್ರು ಕನ್ನಡಕ ಹಾಕಿಕೊಂಡರು. ಪರದೆಯಲ್ಲಿ ಮುದುಕನೊಬ್ಬ ಹಳದಿ ಗಂಟು ಎತ್ತಿಕೊಂಡು ನಿಂತ. ಕ್ಯಾಮೆರಾ ಇಟ್ಟವರು ಯಾರು, ಕೋನವೇ ಸರಿಯಿಲ್ಲ, ತಲೆ ಅರ್ಧ ಕತ್ತರಿಸಿದೆ ಎಂದರು. ಮುದುಕ ಉರುಳಿದ. ಕಣ್ಣು ತೆರೆದೇ ಇದೆಯಲ್ಲ ಎಂದರು.

"ಮುಖ ನೋಡ್ಬೇಡಿ ಅಪ್ಪ. ಕೈ ನೋಡಿ."

ಅವರು ನೋಡಿದರು. ಹಿಂದಕ್ಕೆ ಹಾಕು ಎಂದರು. ಹಾಕಿದಳು. ಇನ್ನೊಮ್ಮೆ ಎಂದರು. ಮೂರನೆಯ ಸಲ ನೋಡುವಾಗ ಅವರ ಮುಖಕ್ಕೆ ಹಳೆಯ ಗಾಜಿನ ಕೋಣೆಯ ಕಳೆ ಬಂದಿತ್ತು. ತುಟಿಯ ಒಂದು ತುದಿ ಕೆಳಗಾಗಿ, ಮೂಗು ಸ್ವಲ್ಪ ಮೇಲಾಗಿ, ಪರದೆಯ ಮೇಲಿನ ಮನುಷ್ಯನನ್ನು ಅವರು ಮನಸಾರೆ ತಿರಸ್ಕರಿಸುತ್ತಿದ್ದರು.

"ಕಾಲು ಬಿಗಿ ಹಿಡಿದಿಲ್ಲ. ಉಸಿರು ಬಿಟ್ಟಿದಾನೆ. ಇಷ್ಟೊತ್ತು ಕೂತವನು ಹಾಗೆ ಎದ್ನಿಲ್ತಾನಾ, ದಡ್ಡ ನನ್ಮಗ."

"ಎಷ್ಟರಲ್ಲಿ ಬಿದ್ದ ಅಂತ ಗೊತ್ತಾಯ್ತಾ?" ಎಂದು ಮಗಳು ಕೇಳಿದಳು.

ಮೇಷ್ಟ್ರು ತಲೆಯೆತ್ತಿದರು.

"ಒಂದರಲ್ಲಿ, ಅಪ್ಪ. ಗಾಣ ಇಲ್ಲ, ವಿಮಾನ ಇಲ್ಲ. ನಮ್ಮನೆ ಹಜಾರದಲ್ಲಿ. ಬರೀ ಒಂದು ಜಿ."

ಇಷ್ಟು ಹೇಳುವುದಕ್ಕೆ ಸೈಕಲ್ಲಿನ ದಿನದಿಂದ ಕಾಯುತ್ತಿದ್ದೆನೇನೋ ಎಂದು ಅವಳಿಗನಿಸಿತು. ಸ್ವರ ಕೂಡ ಅವರದೇ. ಅಯ್ಯೋ ಎನಿಸುತ್ತದೆಂದು ಕಾದಳು, ಎನಿಸಲಿಲ್ಲ.

ಮೇಷ್ಟ್ರು ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿದರು, ಒರೆಸಿದ್ದನ್ನೇ ಮತ್ತೆ ಒರೆಸಿದರು. ಜೇಬಿಗೆ ಹಾಕಿದರು. ಒಂದರಲ್ಲಿ ಬಿದ್ದವನನ್ನು ನಾನು ನೋಡೇ ಇಲ್ಲ ಎಂದರು, ಯಾರಿಗೆಂದು ತಿಳಿಯದ ಹಾಗೆ. ಬಿದ್ದೆ ಎಂದು ಮಾತ್ರ ಹೇಳಲಿಲ್ಲ. ಅದನ್ನು ಅವರ ಬಾಯಿಂದ ಹೊರಡಿಸುವ ಯಂತ್ರ ಇನ್ನೂ ತಯಾರಾಗಿಲ್ಲ.

ಆಮೇಲೆ, ಆ ಕೈನಡುಕದವಳು ಸಾಯಂಕಾಲ ಎಷ್ಟು ಹೊತ್ತಿನ ತನಕ ಕ್ಲಿನಿಕ್ಕಿನಲ್ಲಿರುತ್ತಾಳೆ ಎಂದು ಕೇಳಿದರು. ಕೇಳಿ ತಿಳಿಸುತ್ತೇನೆ ಎಂದಳು ಮಗಳು. ಹೋಗುವಾಗ ಈ ಫೋನು ತಗೊಂಡು ಬಾ, ಬಾಯಲ್ಲಿ ಹೇಳಿದರೆ ಅವಳು ನಂಬುವುದಿಲ್ಲ ಎಂದರು. "ಎರಡೂವರೆಗೆ ತೋರಿಸ್ಬೇಡ."

ಅವಳು ಅಂಗಡಿಗೆ ಫೋನು ಮಾಡಿ ಇವತ್ತು ಬರಲಾಗುವುದಿಲ್ಲವೆಂದಳು. ಯಜಮಾನರು ಏನೋ ಹೇಳುತ್ತಿದ್ದರು, ಕೇಳಿಸಿಕೊಳ್ಳದೆ ಇಟ್ಟಳು. ತಿರುಗಿ ನೋಡಿದರೆ ಮೇಷ್ಟ್ರು ಗೋಡೆಗೆ ಬೆನ್ನು ಕೊಟ್ಟು, ಮೆಲ್ಲಗೆ, ಒಂದು ಕೈ ನೆಲಕ್ಕೂರಿ ಕೂರುತ್ತಿದ್ದರು. ಈ ಸಲ ನಿಜವಾಗಿಯೂ ಕೂರುತ್ತಿದ್ದರು. ಎರಡೂ ಕಾಲು ನೀಳವಾಗಿ ಚಾಚಿ, ಹಿಂದಲೆಯನ್ನು ಗೋಡೆಗೆ ಒತ್ತಿ, ಸರಿಯಾಗಿದೆಯೇ ಎಂದು ಒಮ್ಮೆ ಒರಗಿ ನೋಡಿಕೊಂಡು, ಕೈ ಚಾಚಿದರು. ಮಗು ಅಮ್ಮನ ಸೊಂಟದಿಂದ ಅತ್ತ ವಾಲಿತು. ಅವಳು ಬಿಡಲಿಲ್ಲ.

"ಕೊಡು" ಎಂದರು ಮೇಷ್ಟ್ರು. "ಇಲ್ಲಿಂದ ಕೆಳಕ್ಕೆ ಬೀಳೋಕೆ ಜಾಗ ಇಲ್ಲ."

ಅವಳು ಮಗುವನ್ನು ಅವರ ತೊಡೆಯ ಮೇಲಿಟ್ಟು, ತಾನೂ ಪಕ್ಕದಲ್ಲೇ, ಕೈಗೆಟುಕುವಷ್ಟು ಹತ್ತಿರದಲ್ಲಿ, ನೆಲದ ಮೇಲೆ ಕೂತಳು.